ಅರಗಿನ ಬಣ್ಣದ ಮರದ ಹಿಡಿಯನ್ನು ಚಾಕುವಿಗೆ ಕೂರಿಸುವುದು ಹೇಗೆ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಹಳೆಯ ಲಾರಿಯ ಕಮಾನು ಪಟ್ಟಿಯಿಂದ ತರಕಾರಿ ಹೆಚ್ಚುವ ಸಣ್ಣ ಚಾಕುಗಳನ್ನು ಮಾಡುತ್ತಿದ್ದೇನೆ. ಅಲಗಿನ ಬಗ್ಗೆ ಚಿಂತೆಯಿಲ್ಲ. ಅಯಸ್ಕಾಂತಕ್ಕೆ ಅಂಟದಷ್ಟು ಕಾಯಿಸಿ, ಇನ್ನೂ ತುಸು ಕೆಂಪೇರಿಸಿ, ಬೆಚ್ಚಗಿನ ಎಣ್ಣೆಯಲ್ಲಿ ಅದ್ದುತ್ತೇನೆ. ಆಗ ಅರದಿಂದ ಉಜ್ಜಿದರೆ ಅರವೇ ಜಾರುತ್ತದೆ, ಅಂದರೆ ಅಲಗು ಚೆನ್ನಾಗಿ ಗಟ್ಟಿಯಾಗಿದೆ. ಬಳಿಕ ಓವನ್‌ನಲ್ಲಿ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಗಂಟೆ ಇಟ್ಟು ಬಿರುಸು ಇಳಿಸುತ್ತೇನೆ.

ತೊಡಕಿರುವುದು ಹಿಡಿಯಲ್ಲಿ. ಚನ್ನಪಟ್ಟಣದ ಆಟಿಕೆಗಳ ರೀತಿಯಲ್ಲಿ ಹಾಲೆ ಮರವನ್ನು ಲೇತ್‌ನಲ್ಲಿ ಕಡೆದು, ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ, ಕೇದಗೆ ಗರಿಯಿಂದ ಹೊಳಪು ಕೊಟ್ಟಿದ್ದೇನೆ. ಅರಿಶಿನದ ಹಳದಿ ಎಷ್ಟು ಚೆನ್ನಾಗಿ ಬಂದಿದೆಯೆಂದರೆ, ಈ ಹಿಡಿಗಳನ್ನು ಕೇವಲ ಪ್ರದರ್ಶನಕ್ಕೆ ಇಡಲು ಮನಸ್ಸಿಲ್ಲ. ಅವು ದಿನನಿತ್ಯ ಅಡುಗೆಮನೆಯಲ್ಲಿ ಬಳಕೆಯಾಗಬೇಕು.

ಅಲಗಿನ ಬಾಲವನ್ನು ಹಿಡಿಯ ರಂಧ್ರದಲ್ಲಿ ನಿಲ್ಲಿಸಲು ಹಿಂದಿನವರು ಅರಗನ್ನೇ ಕರಗಿಸಿ ತುಂಬುತ್ತಿದ್ದರು. ಆದರೆ ಕಾದ ಬಾಲವನ್ನು ಒಳಗೆ ತಳ್ಳಿದರೆ ಹೊರಗಿನ ಬಣ್ಣದ ಅರಗೂ ಮೆತ್ತಗಾಗುವುದಿಲ್ಲವೇ? ಹಾಗಾದರೆ ಎಪಾಕ್ಸಿ ಅಂಟೇ ವಾಸಿಯೇ, ಅಥವಾ ಮೊದಲು ಬಾಲ ಕೂರಿಸಿ ಆಮೇಲೆ ಬಣ್ಣ ಹಾಕುವ ಉಪಾಯವಿದೆಯೇ? ಹರಿತವಾದ ಅಲಗು ಲೇತ್‌ನಲ್ಲಿ ಸುತ್ತುವುದು ನನಗಂತೂ ಸರಿಕಾಣುವುದಿಲ್ಲ.

ಇನ್ನೊಂದು ವಿಷಯ: ಅಲಗು ಒಳಹೋಗುವ ಹಿಡಿಯ ಬಾಯಿಯ ಬಳಿ ಮರ ಸೀಳದಂತೆ ಹಿತ್ತಾಳೆ ಬಳೆ ಹಾಕುವವರು ಅದನ್ನು ಎಷ್ಟು ಬಿಗಿಯಾಗಿ ಕೂರಿಸುತ್ತೀರಿ? ಮಳೆಗಾಲದಲ್ಲಿ ಮರ ಉಬ್ಬುವುದಕ್ಕೆ ಜಾಗ ಬಿಡಬೇಕೇ?

ಅರಗಿನ ಕೆಲಸ ಬಲ್ಲವರು, ಕುಲುಮೆಯ ಕೆಲಸದವರು ದಯವಿಟ್ಟು ತಿಳಿಸಿ. ನೀವು ಮಾಡಿದ ಹಿಡಿಯ ಫೋಟೊ ಹಾಕಿದರೆ ಇನ್ನೂ ಉಪಕಾರ.