ಘಾಟಿಯಲ್ಲಿ ವಾಂತಿ, ತೊಡೆ ಮೇಲೆ ಮಗು: ಮಕ್ಕಳ ಡಾಕ್ಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ಮುಂದಿನ ವಾರ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ನಮ್ಮ ಕಾರಲ್ಲೇ ಹೊರಟಿದ್ದೇವೆ. ಮಗಳಿಗೆ 6 ವರ್ಷ, ಮಗನಿಗೆ ಒಂದೂವರೆ. ಹಾಸನದ ತನಕ ಮಗಳು ಚೆನ್ನಾಗಿಯೇ ಇರುತ್ತಾಳೆ. ಶಿರಾಡಿ ಘಾಟಿ ಶುರುವಾದರೆ ಸಾಕು, ವಾಂತಿ. ಸುಮ್ನೆ ಕೂರಲಿ ಅಂತ ಮೊಬೈಲ್ ಕೊಡುತ್ತೇವೆ. ಮಗನದ್ದೇನೂ ತೊಂದರೆ ಇಲ್ಲ, ಮುಂದಿನ ಸೀಟಲ್ಲಿ ನನ್ನ ತೊಡೆ ಮೇಲೆ ಮಲಗಿರುತ್ತಾನೆ. ವಾಂತಿಗೆ ಏನು ಮಾಡಲಿ?

ಉತ್ತರ: ನಮಸ್ಕಾರ. ವಾಂತಿಗಿಂತ ಮೊದಲು ಮಗನ ವಿಷಯ. ದಯವಿಟ್ಟು ಅವನನ್ನು ಮುಂದೆ ಕೂರಿಸಿಕೊಳ್ಳಬೇಡಿ. ಜೋರಾಗಿ ಹೋಗುವ ಕಾರು ಡಿಕ್ಕಿಯಾಗಿ ನಿಂತರೆ 10 ಕೆಜಿಯ ಮಗು ಆ ಕ್ಷಣಕ್ಕೆ ಹತ್ತಾರು ಪಟ್ಟು ಭಾರ. ಎಷ್ಟೇ ಗಟ್ಟಿಯಾಗಿ ಅಪ್ಪಿಕೊಂಡಿದ್ದರೂ ತಾಯಿಯ ಕೈ ಹಿಡಿಯಲಾರದು. ಏರ್‌ಬ್ಯಾಗ್ ಬಿಚ್ಚಿಕೊಂಡರೆ ನೇರ ಮಗುವಿಗೇ ಹೊಡೆಯುತ್ತದೆ. ಹಿಂದಿನ ಸೀಟಿನಲ್ಲಿ ಮಕ್ಕಳ ಕಾರ್ ಸೀಟ್ ಕಟ್ಟಿ, ಅವನ ಮುಖ ಕಾರಿನ ಹಿಂಭಾಗಕ್ಕೆ ಇರುವ ಹಾಗೆ ಕೂರಿಸಿ. ಮಗಳಿಗೆ ಬೂಸ್ಟರ್ ಸೀಟ್ (ಮಗುವನ್ನು ಸ್ವಲ್ಪ ಎತ್ತರಿಸಿ ಕೂರಿಸುವ ಸೀಟ್) ಹಾಕಿ, ಬೆಲ್ಟ್ ಕುತ್ತಿಗೆಗೆ ಬರದೆ ಭುಜದ ಮೇಲೆ ಬರಲಿ. ಬಾಗಿಲು ಒಳಗಿನಿಂದ ತೆರೆಯದಂತೆ ಚೈಲ್ಡ್ ಲಾಕ್ ಹಾಕಲು ಮರೆಯಬೇಡಿ.

ಇನ್ನು ವಾಂತಿ. ತಿರುವು ಬಂದಾಗ ಒಳಗಿವಿಗೆ ದೇಹ ಅಲುಗಾಡಿದ್ದು ಗೊತ್ತಾಗುತ್ತದೆ. ಕಣ್ಣು ಮಾತ್ರ ಅಲುಗಾಡದ ಮೊಬೈಲ್ ಮೇಲೆ ನೆಟ್ಟಿರುತ್ತದೆ. ಈ ಎರಡೂ ತಾಳೆಯಾಗದೇ ಹೊಟ್ಟೆ ತೊಳಸುತ್ತದೆ. 2ರಿಂದ 12 ವರ್ಷದವರಲ್ಲಿ ಇದು ಜಾಸ್ತಿ. ಹಾಗಾಗಿ ಸಕಲೇಶಪುರ ಬರುವ ಮೊದಲೇ ಮೊಬೈಲ್ ಒಳಗಿಡಿ. ಅಲ್ಲೇ ಇಳಿದು ಹತ್ತು ನಿಮಿಷ ಓಡಾಡಿಸಿ. ಖಾಲಿ ಹೊಟ್ಟೆಯೂ ಬೇಡ, ಪೂರಿ, ವಡೆಯೂ ಬೇಡ. ಎರಡು ಇಡ್ಲಿ ಸಾಕು. ಕಾರಿನ ಸೆಂಟ್ ತೆಗೆದು ಕಿಟಕಿ ಸ್ವಲ್ಪ ಇಳಿಸಿ, ಆದರೆ ತಲೆ, ಕೈ ಹೊರಗೆ ಹಾಕಲು ಬಿಡಬೇಡಿ. ಮಾತ್ರೆ ಬೇಕೆನಿಸಿದರೆ ನಿಮ್ಮ ಡಾಕ್ಟರ್ ತೂಕ ನೋಡಿಯೇ ಬರೆದುಕೊಡಲಿ. ದೊಡ್ಡವರ ಮಾತ್ರೆಯನ್ನು ಅರ್ಧ ಮಾಡಿ ಕೊಡುವುದು ಬೇಡವೇ ಬೇಡ.

ಪ್ರಶ್ನೆ: ಮೊಬೈಲ್ ಇಲ್ಲದೆ ಅಷ್ಟು ಹೊತ್ತು ಹೇಗೆ ಮೇಡಂ?

ಉತ್ತರ: ನನ್ನ ಮಗಳಿಗೆ ನಂಬರ್ ಪ್ಲೇಟ್ ಆಟ ಬಹಳ ಇಷ್ಟವಾಗಿತ್ತು. ಕೆಎ 13 ಹಾಸನ, 46 ಸಕಲೇಶಪುರ, 21 ಪುತ್ತೂರು, 19 ಮಂಗಳೂರು. ಮೊದಲು ಊರು ಹೇಳಿದವರಿಗೆ ಒಂದು ಪಾಯಿಂಟ್. "ಅಮ್ಮಾ, ಪುತ್ತೂರು ಬಂತು!" ಅಂತ ಅವಳು ಕೂಗಿದಾಗ ನಾವು ಇನ್ನೂ ಘಾಟಿ ಇಳಿದಿರಲಿಲ್ಲ, ಎದುರಿಗೆ ಬಂದ ಜೀಪಿನ ನಂಬರ್ ಓದಿದ್ದಳು ಅಷ್ಟೇ. ತಿರುವು ಜಾಸ್ತಿ ಇರುವ ಕಡೆ ಆಟ ನಿಲ್ಲಿಸಿ. ದೂರದ ಬೆಟ್ಟ ನೋಡುತ್ತಾ ಅಂತ್ಯಾಕ್ಷರಿ ಹಾಡಿ.

ಇನ್ನೊಬ್ಬರ ಪ್ರಶ್ನೆ: ದೇವಸ್ಥಾನದ ನೂಕುನುಗ್ಗಲಲ್ಲಿ ಮಕ್ಕಳು ತಪ್ಪಿಸಿಕೊಂಡರೆ?

ಉತ್ತರ: ಹೊರಡುವ ಮುಂಚೆ ಪ್ರತಿ ಮಗುವಿನದ್ದೂ ಒಂದೊಂದು ಫೋಟೋ ತೆಗೆದಿಡಿ, ಅವತ್ತಿನ ಬಟ್ಟೆಯಲ್ಲೇ. ಮಕ್ಕಳ ಮುಂಗೈ ಒಳಗಡೆ ನಿಮ್ಮ ಫೋನ್ ನಂಬರ್ ಪೆನ್ನಿನಲ್ಲಿ ಬರೆಯಿರಿ. "ಅಮ್ಮ ಕಾಣದಿದ್ದರೆ ನಿಂತಲ್ಲೇ ನಿಲ್ಲು" ಅಂತ ಅವರಿಗೆ ಮನೆಯಲ್ಲೇ ಎರಡು ಮೂರು ಸಲ ಹೇಳಿಕೊಡಿ. ಹುಡುಕಿದರೂ ಸಿಗದಿದ್ದರೆ ಕಾಯಬೇಡಿ. ತಕ್ಷಣ ಅಲ್ಲಿನ ಸಿಬ್ಬಂದಿಗೆ ತಿಳಿಸಿ, 112ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ 1098 ಕೂಡ ಇದೆ.