ಒತ್ತೆಯಿಟ್ಟ ಚಿನ್ನ, ಬಾರದ ಗೊಬ್ಬರ

ಬೇತಮಂಗಲದ ರೈತ
ಭಾರತದ ವಿದೇಶಾಂಗ ನೀತಿ ಈಗ ಯಾರ ಮುಲಾಜಿಗೂ ಬೀಳುವುದಿಲ್ಲ ಎಂದು ನಿನ್ನೆ ಈ ಚರ್ಚೆಯಲ್ಲಿ ಒಬ್ಬರು ಬರೆದಿದ್ದರು. ಅದನ್ನು ಒಪ್ಪಲು ನನಗೆ ಆಗುತ್ತಿಲ್ಲ. 2025ರ ಮಧ್ಯದಲ್ಲಿ ನನ್ನ ಟೊಮೆಟೊ ತೋಟದ ಡ್ರಿಪ್‌ಗೆ ಹಾಕುವ ಗೊಬ್ಬರ ಕೇಳಿದರೆ ಅಂಗಡಿಯವರು ‘ಸರಕೇ ಬಂದಿಲ್ಲ’ ಎಂದರು. ನೀರಿನಲ್ಲಿ ಕರಗುವ ಆ ಗೊಬ್ಬರದ ಬಹುಪಾಲು ಚೀನಾದಿಂದ ಬರುತ್ತಿತ್ತು. ತಪಾಸಣೆಯ ಹೆಸರಿನಲ್ಲಿ ಚೀನಾದವರು ಅದನ್ನು ಹಡಗು ಹತ್ತಿಸದೆ ತಡೆದರು. ಪೊಟ್ಯಾಷ್ ಅಂತೂ ನಮ್ಮಲ್ಲಿ ಹೆಚ್ಚುಕಡಿಮೆ ಪೂರ್ತಿ ಆಮದು. ಕಾಯಿ ಕಟ್ಟುವ ಹೊತ್ತಿಗೆ ಗೊಬ್ಬರ ಸಿಗದವನಿಗೆ ದೆಹಲಿಯ ಗಟ್ಟಿ ಮಾತಿನಿಂದ ಏನು ಸಿಕ್ಕಿತು?

ಚಿಂತಾಮಣಿಯ ವಿದ್ಯಾರ್ಥಿನಿ
ಅಣ್ಣ, ನಿಮ್ಮ ನಷ್ಟ ನಿಜ. ಆದರೆ 1998ರ ಮೇ ತಿಂಗಳಲ್ಲಿ ಪೋಖ್ರಾನ್‌ನಲ್ಲಿ ಅಣ್ವಸ್ತ್ರ ಪರೀಕ್ಷೆಯಾದಾಗ ಅಮೆರಿಕ, ಜಪಾನ್ ಎರಡೂ ನಿರ್ಬಂಧ ಹೇರಿದವು. ನಾವು ಬಗ್ಗಲಿಲ್ಲ. ಆಗಸ್ಟ್‌ನಲ್ಲಿ ಅನಿವಾಸಿ ಭಾರತೀಯರಿಗೆ ಬಾಂಡ್ ಮಾರಿ 400 ಕೋಟಿ ಡಾಲರ್‌ಗೂ ಹೆಚ್ಚು ಹಣ ತಂದೆವು. ಬಡ ದೇಶವೆಂದರೆ ತಲೆ ತಗ್ಗಿಸಲೇಬೇಕು ಎಂಬ ವಾದವನ್ನು ನಾನು ಒಪ್ಪುವುದಿಲ್ಲ.

ಕೆಜಿಎಫ್‌ನ ನಿವೃತ್ತ ಮೇಷ್ಟ್ರು
ಅಮ್ಮಾ, 1998ರಲ್ಲಿ ಬಗ್ಗದೆ ನಿಲ್ಲಲು ಖಜಾನೆಯಲ್ಲಿ ಡಾಲರ್ ಇತ್ತು. ಏಳು ವರ್ಷ ಹಿಂದಕ್ಕೆ ಹೋಗಿ ನೋಡು. ಕುವೈತ್ ಯುದ್ಧದಿಂದ ತೈಲದ ಬೆಲೆ ಏರಿತ್ತು, ಕೊಲ್ಲಿಯಿಂದ ಬರುತ್ತಿದ್ದ ಹಣ ಕುಗ್ಗಿತ್ತು, ವಿದೇಶಿ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ಉಳಿದಿತ್ತು. 1991ರ ಜನವರಿಯಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಸುಮಾರು 180 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಅದೇ ತಿಂಗಳು ಅಮೆರಿಕದ ಸೇನಾ ವಿಮಾನಗಳು ನಮ್ಮ ನಿಲ್ದಾಣಗಳಲ್ಲಿ ಇಂಧನ ತುಂಬಿಕೊಳ್ಳುತ್ತಿದ್ದವು. ಯಾವ ಬಣಕ್ಕೂ ಸೇರದ ಅಲಿಪ್ತ ನೀತಿಯ ದೇಶ ನಮ್ಮದು! ಸಾಲಕ್ಕೆ ಪ್ರತಿಯಾಗಿ ಇಂಧನ ಎಂದು ಯಾರೂ ಕಾಗದದಲ್ಲಿ ಬರೆದುಕೊಡುವುದಿಲ್ಲ. ಆದರೆ ಸಾಲ ಕೇಳಲು ಬಾಗಿಲಲ್ಲಿ ನಿಂತವನು ಆ ಮನೆಯವರಿಗೆ ಇಲ್ಲ ಎನ್ನುವುದು ಎಷ್ಟು ಕಷ್ಟವೆಂದು ಬಡ್ಡಿ ಕಟ್ಟಿದ ಎಲ್ಲರಿಗೂ ಗೊತ್ತು.

ಬೇಸಿಗೆಯಲ್ಲಿ ಸ್ಟೇಟ್ ಬ್ಯಾಂಕ್ ಮೂಲಕ 20 ಟನ್ ಚಿನ್ನ ಹೊರಗೆ ಹೋಯಿತು. ಜುಲೈನಲ್ಲಿ ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಸಾಲಕ್ಕೆ ಒತ್ತೆಯಾಗಿ ಲಂಡನ್ನಿಗೆ ಹೋಯಿತು. ಆಗ ನಮ್ಮ ಕೋಲಾರದ ಚಿನ್ನದ ಗಣಿಗಳು ಇನ್ನೂ ನಡೆಯುತ್ತಿದ್ದವು, ಮುಚ್ಚಿದ್ದು 2001ರಲ್ಲಿ. ಮೂರು ಕಿಲೋಮೀಟರ್ ಆಳಕ್ಕೆ ಇಳಿದು ಅದಿರು ತೆಗೆಯುವವರ ಮಕ್ಕಳು ನನ್ನ ತರಗತಿಯಲ್ಲಿ ಕೂರುತ್ತಿದ್ದರು. ಒಬ್ಬ ಹುಡುಗ ‘ಸಾರ್, ಅಪ್ಪ ತೆಗೆದದ್ದೂ ಅದರಲ್ಲಿ ಇದೆಯಾ?’ ಎಂದು ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ.

ಚಿಂತಾಮಣಿಯ ವಿದ್ಯಾರ್ಥಿನಿ
ಆದರೆ ಆ ಇಂಧನ ಕೊಡುವುದು ಫೆಬ್ರವರಿಯಲ್ಲೇ ನಿಂತಿತಲ್ಲ ಮೇಷ್ಟ್ರೇ? ದೇಶದೊಳಗೆ ವಿರೋಧ ಎದ್ದ ಮೇಲೆ.

ಕೆಜಿಎಫ್‌ನ ನಿವೃತ್ತ ಮೇಷ್ಟ್ರು
ನಿಂತಿತು. ಆಗಿನ ಪ್ರಧಾನಿ ಚಂದ್ರಶೇಖರ್ ಸರ್ಕಾರಕ್ಕೆ ಹೊರಗಿನಿಂದ ಬೆಂಬಲ ಕೊಟ್ಟಿದ್ದ ರಾಜೀವ್ ಗಾಂಧಿ ಆಕ್ಷೇಪಿಸಿದ ಮೇಲೆ. ಜನ ಕೇಳಿದರೆ ಸರ್ಕಾರ ಹಿಂದೆ ಸರಿಯುತ್ತದೆ ಎಂಬ ನಿನ್ನ ಮಾತಿಗೆ ಅಷ್ಟರ ಮಟ್ಟಿಗೆ ಒಪ್ಪಿಗೆ.

ಶಿಡ್ಲಘಟ್ಟದ ರೀಲರ್
ಎಲ್ಲರೂ ಸಾಲದ ಮಾತನ್ನೇ ಆಡುತ್ತಿದ್ದೀರಿ. ಸುಂಕದ ಒಂದು ಸಾಲು ಬದಲಾದರೂ ಸಾಕು ಗೂಡಿನಿಂದ ರೇಷ್ಮೆ ನೂಲು ತೆಗೆಯುವ ನಮ್ಮಂಥವರ ಬದುಕು ಅಲುಗಾಡಲು. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದರು. ಗೂಡಿನ ಬೆಲೆ ಕುಸಿಯಿತು, ಹಿಪ್ಪುನೇರಳೆ ಕಿತ್ತುಹಾಕಿದವರನ್ನು ನಾನೇ ಬಲ್ಲೆ. ನೇಕಾರರನ್ನು ದೂರಲಾರೆ, ಮಗ್ಗದ ಹಾಸಿನ ಉದ್ದ ಎಳೆಗಳಿಗೆ ಅವರಿಗೆ ಚೀನಾದ ಸಮನಾದ ನೂಲೇ ಬೇಕಿತ್ತು, ಅಂಥದ್ದನ್ನು ನಾವು ಸಾಕಷ್ಟು ತೆಗೆಯುತ್ತಿರಲಿಲ್ಲ. ವರ್ಷಕ್ಕೆ ಎರಡು ಪೀಳಿಗೆಯ ಬೈವೋಲ್ಟೈನ್ ತಳಿಯ ಗೂಡು ಹೆಚ್ಚಿದ ಮೇಲೆ ಆ ಗುಣಮಟ್ಟ ನಮ್ಮಲ್ಲೂ ಬರುತ್ತಿದೆ.

ಬೇತಮಂಗಲದ ರೈತ
ನೂಲು ತೆಗೆಯುವ ಸ್ವಯಂಚಾಲಿತ ಯಂತ್ರ ಎಲ್ಲಿಂದ ಬಂತು ಸ್ವಾಮಿ?

ಶಿಡ್ಲಘಟ್ಟದ ರೀಲರ್
ಚೀನಾದಿಂದಲೇ. ಸುಳ್ಳು ಹೇಳುವುದಿಲ್ಲ. ಅವರ ನೂಲಿಗೆ ಪೈಪೋಟಿ ಕೊಡಲು ಅವರ ಯಂತ್ರವನ್ನೇ ತಂದೆವು, ಇದನ್ನು ನೆನೆದು ಎಷ್ಟೋ ರಾತ್ರಿ ನಿದ್ದೆ ಬಂದಿಲ್ಲ. ಮೊದಲ ವರ್ಷ ಒಂದು ಗಾಲಿ ಮುರಿದರೆ ಹೊರಗಿನಿಂದ ಬರುವ ತನಕ ಕಾಯುತ್ತಿದ್ದೆವು. ಈಗ ಅಂಥವನ್ನು ಇಲ್ಲಿನ ಲೇತ್ ಅಂಗಡಿಯಲ್ಲೇ ಕಡೆಸುತ್ತೇವೆ. ಎಳೆಯ ದಪ್ಪ ಅಳೆಯುವ ಭಾಗ ಮಾತ್ರ ಇನ್ನೂ ನಮ್ಮ ಕೈಗೆ ಒಗ್ಗಿಲ್ಲ. ಅದನ್ನು ಬಿಚ್ಚಿ ನೋಡುತ್ತೇನೆಂದು ನನ್ನ ಮಗ ಹಠ ಹಿಡಿದಿದ್ದಾನೆ, ಭಾನುವಾರ ಬಿಚ್ಚಲಿದ್ದೇವೆ.