ಬೇರೆ ದೇಶ ಹಿಂಪಡೆದ ಔಷಧ ನಮ್ಮ ಕಪಾಟಿನಲ್ಲಿದ್ದರೆ ಏನು ಮಾಡಬೇಕು?

ಪ್ರಶ್ನೆ

ಔಷಧ ನಿಯಂತ್ರಣದ ಸುದ್ದಿಗಳು ಈಗ ಫಾರ್ಮಾಸಿಸ್ಟರಿಗಿಂತ ಮೊದಲು ರೋಗಿಗಳನ್ನೇ ತಲುಪುತ್ತಿವೆ. ಅಮೆರಿಕದ ಎಫ್‌ಡಿಎ, ಯುರೋಪಿನ ಇಎಂಎ ಅಥವಾ ಬ್ರಿಟನ್ನಿನ ಎಂಎಚ್‌ಆರ್‌ಎ ಎಂಬ ಔಷಧ ನಿಯಂತ್ರಣ ಸಂಸ್ಥೆ ಒಂದು ಪ್ರಕಟಣೆ ಹೊರಡಿಸಿದರೆ ಸಾಕು, ‘ಈ ಮಾತ್ರೆ ನಿಷೇಧವಾಗಿದೆಯಂತೆ, ಇನ್ನೂ ಯಾಕೆ ಕೊಡುತ್ತಿದ್ದೀರಿ?’ ಎಂದು ಮೊಬೈಲ್ ತೋರಿಸಿ ಕೇಳುವವರು ಕೌಂಟರಿನ ಮುಂದೆ ನಿಲ್ಲುತ್ತಾರೆ.

ಎರಡು ಉದಾಹರಣೆ ಕೊಡುತ್ತೇನೆ. ಬಾಯಿಂದ ತೆಗೆದುಕೊಳ್ಳುವ ಫಿನೈಲೆಫ್ರಿನ್ ಮೂಗು ಕಟ್ಟಿದ್ದಕ್ಕೆ ಕೆಲಸ ಮಾಡುವುದಿಲ್ಲವೆಂದು ಎಫ್‌ಡಿಎಯ ಸಲಹಾ ಸಮಿತಿ 2023ರ ಸೆಪ್ಟೆಂಬರಿನಲ್ಲಿ ಒಮ್ಮತದಿಂದ ಹೇಳಿತು. 2024ರ ನವೆಂಬರಿನಲ್ಲಿ ಅದನ್ನು ಕೈಬಿಡುವ ಪ್ರಸ್ತಾವವನ್ನು ಎಫ್‌ಡಿಎ ಮುಂದಿಟ್ಟಿತು. ಕೆಮ್ಮಿನ ಔಷಧವಾದ ಫೋಲ್ಕೋಡಿನ್ ಅನ್ನು ಮಾರುಕಟ್ಟೆಯಿಂದ ತೆಗೆಯಬೇಕೆಂದು ಇಎಂಎಯ ಸುರಕ್ಷತಾ ಸಮಿತಿ 2022ರ ಡಿಸೆಂಬರಿನಲ್ಲಿ ಶಿಫಾರಸು ಮಾಡಿತು. ಇಂಥ ಸುದ್ದಿ ಬಂದಾಗ ನಮ್ಮ ದೇಶದ ಪ್ರಾಧಿಕಾರ ಏನನ್ನೂ ಹೇಳಿರದಿದ್ದರೆ, ಸ್ಟಾಕನ್ನು ತಾವಾಗಿಯೇ ತೆಗೆದಿಡುವುದು ಸರಿಯೇ? ಅಥವಾ ಆದೇಶ ಬರುವವರೆಗೆ ಎಂದಿನಂತೆ ಕೊಡುತ್ತಿರಬೇಕೆ? ಅನುಭವವಿರುವವರು ದಯವಿಟ್ಟು ತಿಳಿಸಿಕೊಡಿ.

ಉತ್ತರ 1 (ಆಸ್ಪತ್ರೆ ಫಾರ್ಮಾಸಿಸ್ಟ್)

ತಾವು ಎತ್ತಿದ ಪ್ರಶ್ನೆಗೆ ಒಂದೇ ಉತ್ತರ ಕೊಡಲು ಬರುವುದಿಲ್ಲ, ಏಕೆಂದರೆ ‘ಹಿಂಪಡೆದರು’ ಎಂದು ಸುದ್ದಿಯಲ್ಲಿ ಬರುವ ಸಂಗತಿಗಳು ಒಂದೇ ಜಾತಿಯವಲ್ಲ. ದೋಷ ಇರುವುದು ಒಂದು ಬ್ಯಾಚಿನಲ್ಲೋ, ಒಬ್ಬ ತಯಾರಕನ ಮಾಲಿನಲ್ಲೋ, ಔಷಧದಲ್ಲಿಯೇ ಇದೆಯೋ ಎಂಬುದನ್ನು ಮೊದಲು ನೋಡಬೇಕು.

ಇದಕ್ಕೆ ರಕ್ತದೊತ್ತಡದ ವಾಲ್ಸಾರ್ಟಾನ್ ಮತ್ತು ಹೊಟ್ಟೆಯ ಆಮ್ಲ ಕಡಿಮೆ ಮಾಡುವ ರ‍್ಯಾನಿಟಿಡಿನ್‌ಗಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಎರಡರಲ್ಲೂ ಸಿಕ್ಕಿದ್ದು ಎನ್‌ಡಿಎಂಎ ಎಂಬ, ಕ್ಯಾನ್ಸರ್ ತರಬಹುದಾದ ಒಂದೇ ಕಲ್ಮಶ. ಆದರೆ ಕೌಂಟರಿನಲ್ಲಿ ಮಾಡಬೇಕಾಗಿದ್ದ ಕೆಲಸ ಬೇರೆ ಬೇರೆ. 2018ರ ಜುಲೈಯಲ್ಲಿ ಬೆಳಕಿಗೆ ಬಂದ ವಾಲ್ಸಾರ್ಟಾನ್ ಪ್ರಕರಣದಲ್ಲಿ ಕಲ್ಮಶ ಹುಟ್ಟಿದ್ದು ಮೂಲದ್ರವ್ಯವನ್ನು ತಯಾರಿಸುವ ವಿಧಾನವನ್ನು ಬದಲಿಸಿದ್ದರಿಂದ. ಹೀಗಾಗಿ ಆ ಮೂಲದ್ರವ್ಯ ಬಳಸಿದ ಬ್ಯಾಚುಗಳು ಮಾತ್ರ ವಾಪಸ್ಸು ಹೋದವು, ಉಳಿದ ತಯಾರಕರ ವಾಲ್ಸಾರ್ಟಾನ್ ಕಪಾಟಿನಲ್ಲೇ ಉಳಿಯಿತು. ಬದಲಿ ಮಾತ್ರೆ ಕೈಗೆ ಬರುವವರೆಗೆ ಇರುವುದನ್ನು ನಿಲ್ಲಿಸಬೇಡಿ ಎಂದು ಎಫ್‌ಡಿಎ ರೋಗಿಗಳಿಗೆ ಸ್ಪಷ್ಟವಾಗಿ ಹೇಳಿತು. ರಕ್ತದೊತ್ತಡದ ಮಾತ್ರೆಯನ್ನು ಒಮ್ಮೆಗೇ ಬಿಟ್ಟರೆ ಆಗುವ ಹಾನಿ ಕಲ್ಮಶದಿಂದ ಆಗಬಹುದಾದ ಹಾನಿಗಿಂತ ಹತ್ತಿರದ್ದು. ರ‍್ಯಾನಿಟಿಡಿನ್ ವಿಷಯದಲ್ಲಿ ಹಾಗಲ್ಲ. ದಾಸ್ತಾನಿನಲ್ಲಿ ಇಟ್ಟಷ್ಟು ಕಾಲ, ಬಿಸಿ ತಗುಲಿದಷ್ಟು ಎನ್‌ಡಿಎಂಎ ಹೆಚ್ಚುತ್ತಿತ್ತು. ಒಳ್ಳೆಯ ಬ್ಯಾಚು, ಕೆಟ್ಟ ಬ್ಯಾಚು ಎಂದು ಬೇರ್ಪಡಿಸುವ ದಾರಿಯೇ ಇರಲಿಲ್ಲವಾದ್ದರಿಂದ, 2020ರ ಏಪ್ರಿಲಿನಲ್ಲಿ ಎಫ್‌ಡಿಎ ಎಲ್ಲ ರ‍್ಯಾನಿಟಿಡಿನ್ ಅನ್ನೂ ಮಾರುಕಟ್ಟೆಯಿಂದ ತೆಗೆಯುವಂತೆ ಕೇಳಿತು. ಫಾಮೊಟಿಡಿನ್, ಒಮೆಪ್ರಜೋಲ್ ಮುಂತಾದ ಬದಲಿಗಳು ಇದ್ದುದರಿಂದ ರೋಗಿಗಳಿಗೂ ತೊಂದರೆ ಕಡಿಮೆಯಾಯಿತು.

ಇನ್ನೊಂದು ಮಾತು. ಹಿಂಪಡೆಯುವ ಪ್ರಕಟಣೆಯಲ್ಲಿ ಕೊಡುವ ವರ್ಗದ (ಕ್ಲಾಸ್) ಸಂಖ್ಯೆ ನೋಡಿ ಗಾಬರಿಯಾಗುವ ಮುನ್ನ ಅದು ಯಾರ ವರ್ಗ ಎಂದು ನೋಡಿಕೊಳ್ಳಿ. ಎಫ್‌ಡಿಎಯ ಮೂರು ವರ್ಗಗಳು ಹಾನಿಯ ತೀವ್ರತೆಯನ್ನು ಹೇಳುತ್ತವೆ. ಎಂಎಚ್‌ಆರ್‌ಎಯ ನಾಲ್ಕು ವರ್ಗಗಳು ಎಷ್ಟು ಬೇಗ ಕೆಲಸ ಮಾಡಬೇಕೆಂಬುದನ್ನು ತಿಳಿಸುತ್ತವೆ: 1ನೆಯದಾದರೆ ತಕ್ಷಣ, 2ನೆಯದಾದರೆ 48 ಗಂಟೆಯೊಳಗೆ, 3ನೆಯದಾದರೆ ಐದು ದಿನಗಳೊಳಗೆ. 4ನೆಯದರಲ್ಲಿ ಹಿಂಪಡೆಯುವುದೇ ಇರುವುದಿಲ್ಲ, ಎಚ್ಚರದಿಂದ ಬಳಸಿ ಎಂಬ ಸೂಚನೆ ಮಾತ್ರ. ಅದರ ಜೊತೆಗೆ, ಮಾಲನ್ನು ಸಗಟು ಹಂತದಿಂದಷ್ಟೇ ತೆಗೆಯಬೇಕೋ, ರೋಗಿಯ ಮನೆಯಿಂದಲೂ ವಾಪಸ್ಸು ತರಿಸಬೇಕೋ ಎಂಬ ಸಾಲನ್ನು ಓದದೆ ಯಾರಿಗೂ ಫೋನ್ ಮಾಡಬೇಡಿ.

ಉತ್ತರ 2 (ಔಷಧಿ ಅಂಗಡಿಯ ಫಾರ್ಮಾಸಿಸ್ಟ್)

ಮೇಲಿನವರ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಪ್ರಶ್ನೆಯಲ್ಲಿ ಬಂದ ಎರಡೂ ಔಷಧಗಳು ಆ ಚೌಕಟ್ಟಿಗೆ ಸಿಗುವುದಿಲ್ಲ. ಅವುಗಳಲ್ಲಿ ಕಲ್ಮಶವೂ ಇಲ್ಲ, ಬ್ಯಾಚಿನ ದೋಷವೂ ಇಲ್ಲ. ಮಾರಲು ಕಾನೂನಿನ ಅಡ್ಡಿಯಿಲ್ಲ ಎಂಬುದು ಒಂದು ಮಾತು, ನಾವಾಗಿ ಶಿಫಾರಸು ಮಾಡುವುದು ಇನ್ನೊಂದು ಮಾತು. ಆದೇಶ ಬರಲಿಲ್ಲವೆಂದು ನಮ್ಮ ಸಲಹೆಯೂ ಹಳೆಯದಾಗಿಯೇ ಇರಬೇಕಾಗಿಲ್ಲ.

ಫಿನೈಲೆಫ್ರಿನ್ ವಿಷಯದಲ್ಲಿ ಎಫ್‌ಡಿಎ ಹೇಳಿದ್ದು ಪರಿಣಾಮವಿಲ್ಲವೆಂದೇ ಹೊರತು ಅಪಾಯವೆಂದಲ್ಲ. ಬಾಯಿಂದ ತೆಗೆದುಕೊಂಡರೆ ಅದರ ಬಹುಪಾಲು ಕರುಳು ಮತ್ತು ಯಕೃತ್ತಿನಲ್ಲೇ ಒಡೆದುಹೋಗುತ್ತದೆ. ಮೂಗಿಗೆ ಹಾಕುವ ಸ್ಪ್ರೇಗೆ ಈ ತೀರ್ಮಾನ ಅನ್ವಯಿಸುವುದಿಲ್ಲ. ಆದ್ದರಿಂದ ಸ್ಟಾಕನ್ನು ಎತ್ತಿಡುವ ಅವಸರವಿಲ್ಲ. ಆದರೆ ಮೂಗು ಕಟ್ಟಿದೆ ಎಂದು ಬಂದವರಿಗೆ ಆ ಮಾತ್ರೆಯನ್ನೇ ಮುಂದಿಡುವುದಕ್ಕೆ ಕಾರಣವೂ ಉಳಿದಿಲ್ಲ. ಶೀತದ ಸಂಯುಕ್ತ ಮಾತ್ರೆಗಳಲ್ಲಿ ಇದರೊಂದಿಗೆ ಪ್ಯಾರಾಸಿಟಮಾಲ್ ಇರುವುದೇ ಹೆಚ್ಚು. ಜ್ವರಕ್ಕೆಂದು ಪ್ರತ್ಯೇಕವಾಗಿ ಪ್ಯಾರಾಸಿಟಮಾಲ್ ನುಂಗುತ್ತಿರುವವರಿಗೆ ಅದು ಎರಡು ಪಟ್ಟಾಗುವುದು ನನಗೆ ಫಿನೈಲೆಫ್ರಿನ್‌ಗಿಂತ ದೊಡ್ಡ ಚಿಂತೆ.

ಫೋಲ್ಕೋಡಿನ್ ಹಾಗಲ್ಲ. ಅದನ್ನು ಕುಡಿದು ಹನ್ನೆರಡು ತಿಂಗಳೊಳಗೆ ಶಸ್ತ್ರಚಿಕಿತ್ಸೆಗೆಂದು ಅರಿವಳಿಕೆ ಕೊಡುವಾಗ, ಸ್ನಾಯುಗಳನ್ನು ಸಡಿಲಿಸುವ ಔಷಧ ಬಳಸಿದರೆ ತೀವ್ರವಾದ ಅಲರ್ಜಿ ಪ್ರತಿಕ್ರಿಯೆ ಆಗುವ ಸಂಭವ ಹೆಚ್ಚು. ಸಿರಪ್ ಕುಡಿದ ದಿನ ಏನೂ ಕಾಣಿಸುವುದಿಲ್ಲವಾದ್ದರಿಂದ ‘ಇಷ್ಟು ವರ್ಷ ಯಾರಿಗೂ ಏನೂ ಆಗಿಲ್ಲ’ ಎಂಬ ನಮ್ಮ ಕೌಂಟರಿನ ಅನುಭವ ಇಲ್ಲಿ ಸಾಕ್ಷಿಯಾಗುವುದಿಲ್ಲ. ಆಸ್ಟ್ರೇಲಿಯಾ ಮತ್ತು ಬ್ರಿಟನ್ 2023ರ ಆರಂಭದಲ್ಲಿ ಇದನ್ನು ಹಿಂಪಡೆದವು. ನನ್ನ ಮಟ್ಟಿಗೆ, ಕೆಮ್ಮಿನಂಥ ತಾನಾಗಿಯೇ ವಾಸಿಯಾಗುವ ತೊಂದರೆಗೆ ಇದನ್ನು ಕೊಡದಿರಲು ಇಷ್ಟು ಸಾಕು. ಈಗಾಗಲೇ ಕೊಂಡೊಯ್ದವರಿಗೆ ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ, ಅರಿವಳಿಕೆ ತಜ್ಞರಿಗೆ ಈ ಸಿರಪ್ಪಿನ ಹೆಸರನ್ನು ಹೇಳಿ ಎಂದು ತಿಳಿಸುವುದು ನಮ್ಮ ಕೆಲಸ.

ಉತ್ತರ 3 (ಔಷಧ ಸುರಕ್ಷತೆಯ ವಿಭಾಗದಲ್ಲಿರುವವರು)

ಸುದ್ದಿಯಾಗುವ ಹಿಂಪಡೆಯುವಿಕೆಗಳ ಗದ್ದಲದಲ್ಲಿ, ಸದ್ದಿಲ್ಲದೆ ಬರುವ ಬದಲಾವಣೆಗಳು ನಮ್ಮ ಕಣ್ಣು ತಪ್ಪುತ್ತವೆ. ದಿನನಿತ್ಯದ ಕೆಲಸವನ್ನು ನಿಜವಾಗಿ ಬದಲಿಸಬೇಕಾದವು ಅವೇ. ಸಂಧಿವಾತ ಮತ್ತು ಸೋರಿಯಾಸಿಸ್‌ಗೆ ವಾರಕ್ಕೊಮ್ಮೆ ತೆಗೆದುಕೊಳ್ಳಬೇಕಾದ ಮೆಥೋಟ್ರೆಕ್ಸೇಟನ್ನು ದಿನವೂ ನುಂಗಿ ರೋಗಿಗಳು ಸತ್ತಿರುವುದರಿಂದ, 2019ರಲ್ಲಿ ಇಎಂಎ ಪ್ಯಾಕಿನ ಮೇಲಿನ ಎಚ್ಚರಿಕೆ, ಪ್ಯಾಕಿಂಗ್ ಮತ್ತು ತರಬೇತಿಯ ಬಗ್ಗೆ ಹೊಸ ಕ್ರಮಗಳನ್ನು ತಂದಿತು. ಕೌಂಟರಿನಲ್ಲಿ ಇದರ ಅರ್ಥ ಬಹಳ ಸರಳ: ಚೀಟಿಯಲ್ಲಿ ‘ವೈದ್ಯರು ಹೇಳಿದಂತೆ’ ಎಂದಿದ್ದರೆ ಅಷ್ಟಕ್ಕೇ ಬಿಡದೆ, ವಾರದ ಯಾವ ದಿನ ಎಂದು ವೈದ್ಯರನ್ನು ಕೇಳಿ, ‘ಸೋಮವಾರ ಮಾತ್ರ’ ಎಂಬಂತೆ ದಿನದ ಹೆಸರನ್ನು ಪೂರ್ತಿಯಾಗಿ ಬರೆಯಬೇಕು. ಲೇಬಲ್ ಮುದ್ರಿಸುವ ಸಾಫ್ಟ್‌ವೇರ್ ತಾನಾಗಿ ತುಂಬುವ ‘ದಿನಕ್ಕೆ ಒಂದು’ ಎಂಬ ಸಾಲನ್ನು ಅಳಿಸಬೇಕು. ಜೊತೆಗೆ ಕೊಡುವ ಫೋಲಿಕ್ ಆಮ್ಲವೂ ಹಲವು ಕಡೆ ಹಳದಿ ಬಣ್ಣದ ಸಣ್ಣ ಮಾತ್ರೆಯೇ ಆದ್ದರಿಂದ ಎರಡನ್ನೂ ಒಂದೇ ಕವರಿನಲ್ಲಿ ಹಾಕಿ ಕೊಡಬಾರದು. ಬಾಯಿಹುಣ್ಣು, ಗಂಟಲು ನೋವು, ಜ್ವರ ಅಥವಾ ಉಸಿರಾಟದ ತೊಂದರೆ ಬಂದರೆ ತಡಮಾಡದೆ ವೈದ್ಯರನ್ನು ಕಾಣಲು ಹೇಳಬೇಕು.

ಮೂರ್ಛೆರೋಗದ ಔಷಧವಾದ ವಾಲ್ಪ್ರೊಯೇಟ್ ವಿಷಯದಲ್ಲಿ ಬ್ರಿಟನ್ 2023ರ ಅಕ್ಟೋಬರಿನಿಂದ ಮೂಲ ಪ್ಯಾಕನ್ನು ಒಡೆಯದೆ ಕೊಡಬೇಕೆಂಬ ನಿಯಮ ತಂದಿದೆ. ಗರ್ಭದಲ್ಲಿರುವ ಮಗುವಿಗೆ ಆಗುವ ಹಾನಿಯ ಎಚ್ಚರಿಕೆ ಇರುವುದು ಪ್ಯಾಕಿನ ಮೇಲೆ ಮತ್ತು ಒಳಗಿನ ಕರಪತ್ರದಲ್ಲಿ. ಸ್ಟ್ರಿಪ್ಪನ್ನು ಕತ್ತರಿಸಿ ಕೊಟ್ಟರೆ ಅದು ರೋಗಿಯ ಕೈಗೆ ಹೋಗುವುದೇ ಇಲ್ಲ. ಇಂಥದ್ದನ್ನು ಅನುಸರಿಸಲು ಯಾವ ದೇಶದ ಫಾರ್ಮಾಸಿಸ್ಟರೂ ಆದೇಶಕ್ಕೆ ಕಾಯಬೇಕಾಗಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಒಂದು ಸಂದೇಹ ಉಳಿದಿದೆ. ನಕಲಿ ಔಷಧದ ಎಚ್ಚರಿಕೆ ಬಂದಾಗ ಬ್ಯಾಚ್ ನಂಬರನ್ನು ಹೋಲಿಸಿ ನೋಡಿದರೆ ಸಾಕಾಗುತ್ತದೆಯೇ?

ಉತ್ತರ 1ರವರು ಮತ್ತೆ

ಸಾಕಾಗುವುದಿಲ್ಲ. ಮಧುಮೇಹಕ್ಕೂ ತೂಕ ಇಳಿಸಲೂ ಬಳಸುವ ಸೆಮಾಗ್ಲುಟೈಡ್ ಚುಚ್ಚುಮದ್ದಿನ ಪೆನ್ನಿನ ನಕಲಿಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2024ರ ಜೂನಿನಲ್ಲಿ ಎಚ್ಚರಿಕೆ ಕೊಟ್ಟಾಗ, ಅದರಲ್ಲಿದ್ದ ಮೂರು ಬ್ಯಾಚುಗಳಲ್ಲಿ ಒಂದರ ನಂಬರು ಅಸಲಿಯೇ ಆಗಿತ್ತು, ಒಳಗಿನ ಮಾಲು ಮಾತ್ರ ನಕಲಿ. ಅಂಥ ಪೆನ್ನುಗಳಲ್ಲಿ ಲೇಬಲ್ಲಿನಲ್ಲಿ ಹೇಳದ ಇನ್ಸುಲಿನ್‌ನಂಥ ಔಷಧ ಇರುವ ಸಾಧ್ಯತೆಯೂ ಇತ್ತು. ಆದ್ದರಿಂದ ಬ್ಯಾಚಿನ ಜೊತೆಗೆ ಸೀರಿಯಲ್ ನಂಬರು, ಮುದ್ರಣದ ಗುಣಮಟ್ಟ, ಲೇಬಲ್ ಅಂಟಿರುವ ರೀತಿ, ಡೋಸ್ ತಿರುಗಿಸುವಾಗ ಅಳತೆಪಟ್ಟಿ ಪೆನ್ನಿನಿಂದ ಹೊರಕ್ಕೆ ಚಾಚುತ್ತದೆಯೇ ಎಂಬುದನ್ನೂ ನೋಡಬೇಕು. ಚಾಚಿದರೆ ಅದು ಅಸಲಿಯಲ್ಲ.

ಸಿರಪ್‌ಗಳಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದ್ರವ ಬೆರೆತಿದ್ದರೆ ಕಣ್ಣಿಗಾಗಲಿ ರುಚಿಗಾಗಲಿ ಗೊತ್ತಾಗುವುದಿಲ್ಲ. ಇಂಥ ಸಿರಪ್‌ಗಳು ಸಿಕ್ಕ ಗ್ಯಾಂಬಿಯಾ ಪ್ರಕರಣದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2022ರ ಅಕ್ಟೋಬರಿನಲ್ಲಿ ಕೊಟ್ಟ ಎಚ್ಚರಿಕೆ ಪ್ರಯೋಗಾಲಯದ ಪರೀಕ್ಷೆಯ ಮೇಲೆಯೇ ನಿಂತಿತ್ತು. ಅಲ್ಲಿ ನಮ್ಮ ಪಾಲಿಗಿರುವುದು ಖರೀದಿಯ ಬಿಲ್ಲನ್ನು ಜೋಪಾನವಾಗಿಡುವುದು ಮತ್ತು ಗೊತ್ತಿರುವ ವಿತರಕರಿಂದಲೇ ತರಿಸುವುದು. ಅನುಮಾನ ಬಂದ ಮಾಲನ್ನು ‘ಮಾರಾಟಕ್ಕಲ್ಲ’ ಎಂದು ಬರೆದು ಬೇರೆ ಇಡಿ, ಫೋಟೋ ತೆಗೆದುಕೊಳ್ಳಿ, ಔಷಧ ನಿಯಂತ್ರಣ ಅಧಿಕಾರಿಗೆ ತಿಳಿಸಿ. ಅವರು ಹೇಳುವ ಮೊದಲು ವಿತರಕರಿಗೆ ವಾಪಸ್ಸು ಕಳಿಸಿಬಿಟ್ಟರೆ ಮಾಲೂ ಹೋಗುತ್ತದೆ, ಸಾಕ್ಷ್ಯವೂ ಹೋಗುತ್ತದೆ.